ಬಾಗಿಲನ್ನು ಎತ್ತುವುದು ಸ್ಪ್ರಿಂಗ್, ಮೋಟಾರಲ್ಲ: ಷಿಕಾಗೊ ಉಪನಗರದಲ್ಲಿ ಗ್ಯಾರೇಜ್ ಬಾಗಿಲು ಬದಲಿಸಿದ ಅನುಭವ

ಷಿಕಾಗೊದ ಪಶ್ಚಿಮಕ್ಕಿರುವ ನೇಪರ್‌ವಿಲ್, ಅರೋರಾ ಕಡೆಯ ಉಪನಗರಗಳಲ್ಲಿ ಮನೆ ಮಾಡಿಕೊಂಡಿರುವ ಕನ್ನಡಿಗರಿಗೆ ಗ್ಯಾರೇಜ್ ಬಾಗಿಲೇ ದಿನನಿತ್ಯದ ಹೆಬ್ಬಾಗಿಲು. ತೋರಣ ಕಟ್ಟುವುದು, ರಂಗೋಲಿ ಹಾಕುವುದು ಬೀದಿಯ ಕಡೆಯ ಬಾಗಿಲಿಗೆ. ಆದರೆ ಕೆಲಸಕ್ಕೆ ಹೊರಡುವುದು, ಶಾಲೆಯಿಂದ ಮಕ್ಕಳನ್ನು ಕರೆತರುವುದು, ದಿನಸಿಯ ಚೀಲಗಳನ್ನು ಇಳಿಸುವುದು, ಚಪ್ಪಲಿ ಕಳಚಿಡುವುದು ಎಲ್ಲವೂ ಗ್ಯಾರೇಜಿನ ಮೂಲಕವೇ ನಡೆಯುತ್ತವೆ. ಎರಡು ಕಾರು ನಿಲ್ಲುವ ಗ್ಯಾರೇಜಿಗೆ ಇಲ್ಲಿ ಸಾಮಾನ್ಯವಾಗಿ 16 ಅಡಿ ಅಗಲ, 7 ಅಡಿ ಎತ್ತರದ ಒಂದೇ ಬಾಗಿಲು ಇರುತ್ತದೆ. ಮನೆಯಲ್ಲಿ ಚಲಿಸುವ ವಸ್ತುಗಳ ಪೈಕಿ ಅತ್ಯಂತ ದೊಡ್ಡದೂ ಅತ್ಯಂತ ಭಾರವಾದದ್ದೂ ಅದೇ ಆಗಿದ್ದರೂ, ಮನೆ ಕೊಳ್ಳುವಾಗ ಅಡುಗೆಮನೆಯ ಕಲ್ಲು, ನೆಲದ ಮರ, ಸೂರಿನ ವಯಸ್ಸು ಇವನ್ನೆಲ್ಲ ವಿಚಾರಿಸುವ ನಾವು ಆ ಬಾಗಿಲಿನ ಬಗ್ಗೆ ಏನನ್ನೂ ಕೇಳುವುದಿಲ್ಲ.

ನಮ್ಮ ಮನೆಯ ಬಾಗಿಲು ಕೆಟ್ಟಾಗ ಅದನ್ನು ನೋಡಲು ಬಂದ ಎರಡು ಸಂಸ್ಥೆಗಳ ಸೇವೆಯನ್ನೂ, ಕೊನೆಗೆ ನಾವು ಹಾಕಿಸಿಕೊಂಡ ಹೊಸ ಬಾಗಿಲು ಮತ್ತು ಅದನ್ನು ತೆರೆಯುವ ಯಂತ್ರ, ಅಂದರೆ ಓಪನರ್ ಅನ್ನೂ, ಒಂದು ಪೂರ್ಣ ಚಳಿಗಾಲ ಬಳಸಿದ ಮೇಲೆ ಇಲ್ಲಿ ಪರಿಶೀಲಿಸುತ್ತಿದ್ದೇನೆ. ಸಂಸ್ಥೆಗಳ ಹೆಸರನ್ನು ಬರೆಯುತ್ತಿಲ್ಲ. ಯಾವ ಊರಿನಲ್ಲಿರುವವರಿಗೂ ಉಪಯೋಗಕ್ಕೆ ಬರುವುದು ಒಳ್ಳೆಯ ಕೆಲಸಗಾರನನ್ನು ಗುರುತಿಸುವ ಬಗೆಯೇ ಹೊರತು ನಮ್ಮ ಊರಿನ ಅಂಗಡಿಯ ಹೆಸರಲ್ಲ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಎರಡನೆಯ ಅಂಗಡಿಯ ಕೆಲಸ ಉತ್ತಮವಾಗಿತ್ತು, ಮತ್ತು ಅದು ಉತ್ತಮವಾಗಲು ಮುಖ್ಯ ಕಾರಣ ಆ ಕೆಲಸಗಾರ ಮೋಟಾರಿನ ಕಡೆ ನೋಡುವ ಮೊದಲು ಬಾಗಿಲಿನ ತೂಕವನ್ನು ನೋಡಿದ್ದು.

ಏಕೆ ಹಾಗೆನ್ನುತ್ತೇನೆ ಎಂಬುದು ತಿಳಿಯಬೇಕಾದರೆ ಈ ಬಾಗಿಲು ಕೆಲಸ ಮಾಡುವ ರೀತಿ ಸ್ವಲ್ಪ ಗೊತ್ತಿರಬೇಕು. ಗುಂಡಿ ಒತ್ತಿದೊಡನೆ ಚಾವಣಿಯಲ್ಲಿರುವ ಮೋಟಾರು ಬಾಗಿಲನ್ನು ಎತ್ತುತ್ತದೆ ಎಂದು ಬಹುಪಾಲು ಜನ ಭಾವಿಸಿರುತ್ತಾರೆ. ಬೆಂಗಳೂರಿನ ಮನೆಗಳಲ್ಲಿ ಈಗ ಕಾಣಸಿಗುವ ಮೋಟಾರು ಜೋಡಿಸಿದ ಜಾರುವ ಗೇಟನ್ನು ನೋಡಿ ಬಂದವರಿಗಂತೂ ಇದು ಸಹಜ. ಅಲ್ಲಿ ಗೇಟು ನೆಲದ ಹಳಿಯ ಮೇಲೆ ಉರುಳುತ್ತದೆ, ಅದರ ಭಾರವನ್ನು ನೆಲವೇ ಹೊರುತ್ತದೆ, ಮೋಟಾರು ತಳ್ಳಿದರೆ ಸಾಕು. ಇಲ್ಲಿನ ಗ್ಯಾರೇಜ್ ಬಾಗಿಲು ಹಾಗಲ್ಲ. ಉಕ್ಕಿನ ಹಾಳೆ, ನಡುವೆ ಫೋಮ್, ತಿರುಗಣಿ, ಅಡ್ಡಪಟ್ಟಿ ಎಲ್ಲ ಸೇರಿ ಎರಡು ಕಾರಿನ ಬಾಗಿಲು ಸುಲಭವಾಗಿ 70ರಿಂದ 100 ಕಿಲೋ ತೂಗುತ್ತದೆ, ಮತ್ತು ಪ್ರತಿ ಸಲವೂ ಅಷ್ಟೂ ಭಾರ ನೆಲದಿಂದ ಮೇಲೇಳಬೇಕು. ಆ ಭಾರವನ್ನು ಹೊರುವುದು ಬಾಗಿಲಿನ ನೆತ್ತಿಯ ಮೇಲೆ ಅಡ್ಡಲಾಗಿರುವ ಉಕ್ಕಿನ ದಂಡಕ್ಕೆ ಸುತ್ತಿದ ಟಾರ್ಷನ್ ಸ್ಪ್ರಿಂಗ್‌ಗಳು. ಬಾಗಿಲು ಕೆಳಗಿಳಿಯುವಾಗ ಅವು ಬಿಗಿಯಾಗುತ್ತವೆ, ಮೇಲೇರುವಾಗ ಆ ಬಿಗಿ ಬಿಚ್ಚಿಕೊಂಡು ದಂಡವನ್ನು ತಿರುಗಿಸುತ್ತದೆ, ದಂಡದ ಎರಡು ತುದಿಯ ಡ್ರಮ್‌ಗಳಿಗೆ ಸುತ್ತಿಕೊಳ್ಳುವ ತಂತಿಹಗ್ಗಗಳು ಬಾಗಿಲಿನ ಕೆಳಮೂಲೆಗಳನ್ನು ಹಿಡಿದು ಮೇಲಕ್ಕೆಳೆಯುತ್ತವೆ. ನಮ್ಮೂರಿನ ಅಂಗಡಿಯ ರೋಲಿಂಗ್ ಷಟರನ್ನು ಬೆಳಗ್ಗೆ ಒಬ್ಬನೇ ಒಂದೇ ಕೈಯಲ್ಲಿ ಸರ್ರನೆ ಮೇಲೆತ್ತುವುದು ಸಾಧ್ಯವಾಗುವುದು ಅದರ ಮೇಲಿನ ಡ್ರಮ್ಮಿನೊಳಗಿನ ಸ್ಪ್ರಿಂಗ್‌ನಿಂದಲೇ, ಆ ಸ್ಪ್ರಿಂಗ್ ಹೋದ ದಿನ ಇಬ್ಬರು ಸೇರಿ ಏದುಸಿರು ಬಿಟ್ಟು ಎತ್ತಬೇಕಾಗುತ್ತದೆ. ಗ್ಯಾರೇಜ್ ಬಾಗಿಲಿನ ತತ್ತ್ವವೂ ಅದೇ. ಸ್ಪ್ರಿಂಗ್ ಸರಿಯಾಗಿದ್ದರೆ ಇಷ್ಟು ದೊಡ್ಡ ಬಾಗಿಲನ್ನು ಕೈಯಿಂದ ಎತ್ತಲು ನಾಲ್ಕೈದು ಕಿಲೋದಷ್ಟು ಬಲ ಸಾಕು. ಮೋಟಾರಿನ ಕೆಲಸ ಆ ಸ್ವಲ್ಪ ಬಲವನ್ನು ಕೊಡುವುದು ಮತ್ತು ಬಾಗಿಲು ಎಲ್ಲಿ ನಿಲ್ಲಬೇಕೆಂದು ತಿಳಿದುಕೊಂಡು ನಿಲ್ಲಿಸುವುದು, ಅಷ್ಟೆ.

ಈ ಸ್ಪ್ರಿಂಗ್‌ಗೆ ಆಯುಸ್ಸು ಉಂಟು. ಸಾಧಾರಣವಾಗಿ ಮನೆಗಳಿಗೆ ಹಾಕುವುದನ್ನು 10,000 ಸಲ ತೆರೆದು ಮುಚ್ಚುವಷ್ಟಕ್ಕೆ ಲೆಕ್ಕ ಹಾಕಿ ತಯಾರಿಸಿರುತ್ತಾರೆ. ದಿನಕ್ಕೆ ನಾಲ್ಕು ಸಲ ತೆರೆದು ಮುಚ್ಚುವ ಮನೆಯಲ್ಲಿ ಅದು ಸುಮಾರು ಏಳು ವರ್ಷಕ್ಕೆ ಮುಗಿಯುತ್ತದೆ. ಇಬ್ಬರೂ ಕೆಲಸಕ್ಕೆ ಹೋಗುವ, ಮಕ್ಕಳು ಸೈಕಲ್ ತೆಗೆಯಲೆಂದು ಮತ್ತೆ ಮತ್ತೆ ಬಾಗಿಲು ತೆರೆಯುವ ಮನೆಯಲ್ಲಿ ಇನ್ನೂ ಬೇಗ. ಚಳಿಗೆ ಉಕ್ಕು ಇನ್ನಷ್ಟು ಪೆಡಸಾಗುವುದರಿಂದ ಸವೆದ ಸ್ಪ್ರಿಂಗ್ ಮುರಿಯುವುದು ಹೆಚ್ಚಾಗಿ ಕೊರೆಯುವ ಚಳಿಯ ಬೆಳಗಿನಲ್ಲಿ. ನಮ್ಮ ಮನೆಯದು ಮುರಿದದ್ದೂ ಜನವರಿಯಲ್ಲಿ. ಮನೆಯೊಳಗೆ ಪಟಾಕಿ ಸಿಡಿದಂಥ ಸದ್ದಾಯಿತು. ಹೋಗಿ ನೋಡಿದರೆ ಬಾಗಿಲಿನ ಮೇಲಿನ ಸುರುಳಿಯಲ್ಲಿ ಎರಡು ಬೆರಳು ಅಗಲದ ಸಂದು ಕಾಣುತ್ತಿತ್ತು. ಇಂಥ ಸಮಯದಲ್ಲಿ ರಿಮೋಟ್ ಒತ್ತಿ ಬಾಗಿಲು ತೆರೆಯಲು ಪ್ರಯತ್ನಿಸಲೇಬಾರದು. ನಾಲ್ಕೈದು ಕಿಲೋಗೆಂದು ಮಾಡಿದ ಯಂತ್ರದ ಮೇಲೆ ಪೂರ್ತಿ ಭಾರ ಬೀಳುತ್ತದೆ. ಹಳೆಯ ಚೈನಿನ ಓಪನರ್‌ಗಳಲ್ಲಿ ಒಳಗಿನ ಪ್ಲಾಸ್ಟಿಕ್ ಹಲ್ಲುಚಕ್ರ ಪುಡಿಯಾಗುವುದು ಹೆಚ್ಚಾಗಿ ಹೀಗೆಯೇ.

ಮೊದಲು ಬಂದವರು ಅಂತರ್ಜಾಲದ ಹುಡುಕಾಟದಲ್ಲಿ ಮೇಲೆಯೇ ಕಾಣಿಸಿದ ಸಂಸ್ಥೆಯವರು. ನಂಬರು ನಮ್ಮ ಊರಿನದೇ ಆಗಿದ್ದರೂ ಫೋನ್ ಎತ್ತಿಕೊಂಡವರಿಗೆ ನಮ್ಮ ಊರು ಎಲ್ಲಿದೆಯೆಂಬುದೇ ತಿಳಿದಿರಲಿಲ್ಲ. ಬಂದು ನೋಡಲು ತೀರಾ ಕಡಿಮೆ ದರ ಎಂದಿದ್ದರು. ಬಂದ ವ್ಯಕ್ತಿ ಬಾಗಿಲನ್ನು ಮುಟ್ಟಲಿಲ್ಲ, ಅಳತೆ ತೆಗೆದುಕೊಳ್ಳಲಿಲ್ಲ. ಟಾರ್ಚು ಬಿಟ್ಟು ನೋಡಿ ಸ್ಪ್ರಿಂಗ್, ತಂತಿಹಗ್ಗ, ಡ್ರಮ್, ರೋಲರ್, ಬೇರಿಂಗ್ ಎಲ್ಲವನ್ನೂ ಒಟ್ಟಿಗೆ ಬದಲಿಸಲೇಬೇಕೆಂದೂ, ಸ್ಪ್ರಿಂಗ್‌ಗೆ ಜೀವಾವಧಿ ಗ್ಯಾರಂಟಿ ಇದೆಯೆಂದೂ ಹೇಳಿ, ಆ ಕ್ಷಣವೇ ಸಹಿ ಹಾಕಿದರೆ ಮಾತ್ರ ರಿಯಾಯಿತಿ ಎಂದರು. ಇಲ್ಲಿ ಎರಡು ಸ್ಪ್ರಿಂಗ್ ಬದಲಿಸಲು ಸಾಮಾನ್ಯವಾಗಿ 250ರಿಂದ 500 ಡಾಲರ್ ತಗಲುತ್ತದೆ. ಅವರು ಕೇಳಿದ ಮೊತ್ತ ಅದರ ಹಲವು ಪಟ್ಟು. ಜೀವಾವಧಿ ಗ್ಯಾರಂಟಿಯ ಕಾಗದವನ್ನು ಓದಿ ನೋಡಿದಾಗ ಅದು ಸ್ಪ್ರಿಂಗ್ ಎಂಬ ವಸ್ತುವಿಗೆ ಮಾತ್ರ ಅನ್ವಯಿಸುತ್ತದೆ, ಪ್ರತಿ ಸಲದ ಕೂಲಿಯನ್ನು ನಾವೇ ಕೊಡಬೇಕು ಎಂಬುದು ಗೊತ್ತಾಯಿತು. ಸ್ಪ್ರಿಂಗ್ ಎಷ್ಟು ಸಲದ ಬಾಳಿಕೆಯದು ಎಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಬಂದುಹೋದ ದರವನ್ನು ಕೊಟ್ಟು ಕಳುಹಿಸಿದೆವು. ಚಳಿಯಲ್ಲಿ ಕಾರು ಒಳಗೆ ಸಿಕ್ಕಿಕೊಂಡಿರುವ ಮನೆಯವರ ಆತುರವನ್ನೇ ಬಂಡವಾಳ ಮಾಡಿಕೊಳ್ಳುವ ಈ ಬಗೆಯ ವ್ಯಾಪಾರ ನನಗೆ ನಿಜಕ್ಕೂ ಬೇಸರ ತರಿಸಿತು, ಏಕೆಂದರೆ ಇದಕ್ಕೆ ಬಲಿಯಾಗುವವರಲ್ಲಿ ಈ ದೇಶಕ್ಕೆ ಹೊಸಬರೂ ವಯಸ್ಸಾದವರೂ ಹೆಚ್ಚು.

ಎರಡನೆಯ ಅಂಗಡಿಯ ಸುಳಿವು ಕನ್ನಡ ಕೂಟದ ಪರಿಚಯದ ಮನೆಯೊಂದರಿಂದ ಸಿಕ್ಕಿತು. ತಂದೆ ಮಗ ಸೇರಿ ನಡೆಸುವ ಚಿಕ್ಕ ಅಂಗಡಿ. ಬಂದ ಕೂಡಲೇ ಮಗ ಮಾಡಿದ ಮೊದಲ ಕೆಲಸ ಓಪನರಿನಿಂದ ಇಳಿಬಿದ್ದಿರುವ ಕೆಂಪು ಹಗ್ಗವನ್ನು ಎಳೆದು ಬಾಗಿಲನ್ನು ಯಂತ್ರದಿಂದ ಬಿಡಿಸಿದ್ದು. ಆಮೇಲೆ ಮುರಿಯದೆ ಉಳಿದಿದ್ದ ಇನ್ನೊಂದು ಸ್ಪ್ರಿಂಗ್‌ನ ಬಿಗಿಯನ್ನು ಅರ್ಧ ಅಂಗುಲ ದಪ್ಪದ ಎರಡು ಉಕ್ಕಿನ ಸರಳುಗಳಿಂದ ಕಾಲು ಕಾಲು ಸುತ್ತಾಗಿ ಬಿಚ್ಚಿದರು. ನೋಡಲು ಸುಲಭವೆನ್ನಿಸಿದರೂ ಇಡೀ ಬಾಗಿಲನ್ನು ಎತ್ತುವಷ್ಟು ಶಕ್ತಿ ಆ ಸುರುಳಿಯಲ್ಲಿ ಅಡಗಿರುತ್ತದೆ. ಸರಳು ಜಾರಿದರೆ ಕೈ, ಮುಖ ಉಳಿಯುವುದಿಲ್ಲ. ಸ್ಕ್ರೂಡ್ರೈವರ್ ತೂರಿಸಿ ಇದನ್ನು ಮಾಡಲು ಹೋಗಿ ಗಾಯಗೊಂಡವರಿದ್ದಾರೆ. ವಿಡಿಯೊ ನೋಡಿ ಮನೆಯಲ್ಲಿ ನಾವೇ ಮಾಡಿಕೊಳ್ಳಬಹುದಾದ ಕೆಲಸಗಳು ಬಹಳಷ್ಟಿವೆ, ಇದು ಮಾತ್ರ ಅವುಗಳಲ್ಲಿ ಒಂದಲ್ಲ. ಬಾಗಿಲಿನ ಕೆಳಮೂಲೆಗಳಲ್ಲಿ ತಂತಿಹಗ್ಗ ಕಟ್ಟಿರುವ, ಬಹಳ ಸಲ ಕೆಂಪು ಬಣ್ಣ ಬಳಿದಿರುವ ಬ್ರ್ಯಾಕೆಟ್ಟಿಗೂ ಇದೇ ಮಾತು ಅನ್ವಯಿಸುತ್ತದೆ. ಸ್ಪ್ರಿಂಗ್ ಬಿಗಿಯಾಗಿರುವಾಗ ಅದರ ಬೋಲ್ಟನ್ನು ಬಿಚ್ಚಬಾರದು.

ನಂತರ ಅವರು ಬಾಗಿಲನ್ನು ಮೀಟಿ ಎತ್ತಿ, ನಡುವೆ ಒಂದು ತೂಕದ ಯಂತ್ರವನ್ನಿಟ್ಟು, ಅದರ ಮೇಲೆ ಬಾಗಿಲನ್ನು ಕೂರಿಸಿ ತೂಕ ನೋಡಿದರು. ಮುರಿದ ಸ್ಪ್ರಿಂಗ್‌ನ ತಂತಿಯ ದಪ್ಪ, ಒಳವ್ಯಾಸ, ಉದ್ದ ಅಳೆದರು. ಎರಡನ್ನೂ ಹೋಲಿಸಿದಾಗ ನಿಜ ಸಂಗತಿ ಹೊರಬಿತ್ತು: ಹಿಂದಿನ ಮಾಲೀಕರು ಚಳಿ ತಡೆಯಲೆಂದು ಬಾಗಿಲಿನ ಒಳಮೈಗೆ ಥರ್ಮೋಕೋಲ್ ಹಲಗೆಗಳನ್ನೂ ಅವನ್ನು ಹಿಡಿದಿಡಲು ಮರದ ಪಟ್ಟಿಗಳನ್ನೂ ಜೋಡಿಸಿದ್ದರು, ಆದರೆ ಹೆಚ್ಚಾದ ಭಾರಕ್ಕೆ ತಕ್ಕ ಸ್ಪ್ರಿಂಗ್ ಹಾಕಿಸಿರಲಿಲ್ಲ. ಅಂದರೆ ವರ್ಷಗಟ್ಟಲೆ ಆ ಹೆಚ್ಚುವರಿ ಭಾರವನ್ನು ಮೋಟಾರು ಎಳೆದಿತ್ತು. ಬಾಗಿಲು ಮೇಲೇರುವಾಗಿನ ನರಳಾಟಕ್ಕೂ, ಓಪನರಿನ ತೋಳು ಜೋಡಿಸಿದ್ದ ಮೇಲಿನ ಪ್ಯಾನೆಲ್ಲು ಸೀಳಿದ್ದಕ್ಕೂ ಕಾರಣ ಅದೇ. ಹಳೆಯ ಅಳತೆಯದೇ ಸ್ಪ್ರಿಂಗ್ ತಂದು ಹಾಕಿಹೋಗಿದ್ದರೆ ಸದ್ಯಕ್ಕೆ ಬಾಗಿಲು ತೆರೆದುಕೊಳ್ಳುತ್ತಿತ್ತು, ತೊಂದರೆ ಹಾಗೆಯೇ ಉಳಿಯುತ್ತಿತ್ತು. ತೂಕ ನೋಡಲು ಹಿಡಿದದ್ದು ಕೆಲವೇ ನಿಮಿಷ, ಮೊದಲು ಬಂದವರು ಮಾಡದೇ ಹೋದದ್ದೂ ಅದನ್ನೇ.

ಅವರು ಎರಡು ದಾರಿಗಳನ್ನು ಬೆಲೆಸಹಿತ ಕಾಗದದ ಮೇಲೆ ಬರೆದುಕೊಟ್ಟರು. ಒಂದು, ಈಗಿನ ತೂಕಕ್ಕೆ ತಕ್ಕ ಎರಡು ಸ್ಪ್ರಿಂಗ್ ಹಾಕಿ, ಮೇಲಿನ ಪ್ಯಾನೆಲ್ಲಿಗೆ ಉಕ್ಕಿನ ಅಡ್ಡಪಟ್ಟಿ ಕೊಡುವುದು. ಇನ್ನೆರಡು ಮೂರು ವರ್ಷಕ್ಕೆ ಸಾಕು ಎಂದರು. ಇನ್ನೊಂದು, ಬಾಗಿಲನ್ನೇ ಬದಲಿಸುವುದು. ರಸ್ತೆಗೆ ಚೆಲ್ಲುವ ಉಪ್ಪು ಕಾರಿನ ಚಕ್ರದೊಡನೆ ಒಳಬಂದು ಕೆಳಗಿನ ಪ್ಯಾನೆಲ್ಲನ್ನು ತುಕ್ಕು ಹಿಡಿಸಿ ತಿಂದುಹಾಕಿತ್ತು. ಹೊಸ ಬಾಗಿಲಿಗೆ ಅದರ ತೂಕಕ್ಕೆ ಲೆಕ್ಕ ಹಾಕಿದ ಹೊಸ ಸ್ಪ್ರಿಂಗ್ ಜೊತೆಯಲ್ಲೇ ಬರುವುದರಿಂದ, ಬಾಗಿಲು ಬದಲಿಸುವ ಮನಸ್ಸಿದ್ದರೆ ಈಗ ಸ್ಪ್ರಿಂಗ್‌ಗೆ ಹಣ ಹಾಕಬೇಡಿ ಎಂದು ಅವರಾಗಿಯೇ ಹೇಳಿದರು. ಆ ದಿನದ ದುಡಿಮೆಯನ್ನು ಬಿಟ್ಟುಕೊಟ್ಟು ಹೇಳಿದ ಆ ಮಾತಿನಿಂದಲೇ ನನಗೆ ಅವರ ಮೇಲೆ ನಂಬಿಕೆ ಹುಟ್ಟಿತು. ಇಬ್ಬರೂ ಸೇರಿ ಕೈಯಿಂದ ಬಾಗಿಲನ್ನೆತ್ತಿ, ಕಾರನ್ನು ಹೊರಗೆ ಬಿಡಿಸಿ, ಬಾಗಿಲನ್ನು ಇಳಿಸಿ ಹಳಿಗೆ ಕ್ಲ್ಯಾಂಪ್ ಹಾಕಿ ಹೋದರು. ನಾವು ಬದಲಿಸುವುದೆಂದು ನಿರ್ಧರಿಸಿದೆವು.

ಹೊಸ ಬಾಗಿಲನ್ನು ಆರಿಸುವಾಗ ಅಂಗಡಿಯ ಪುಸ್ತಕದಲ್ಲಿ ಮೊದಲು ಕಣ್ಣಿಗೆ ಬೀಳುವುದು ವಿನ್ಯಾಸ, ಬಣ್ಣ, ಕಿಟಕಿ. ಮನೆಮಾಲೀಕರ ಸಂಘವಿರುವ ಬಡಾವಣೆಯಲ್ಲಿ ಅವಕ್ಕೆ ಸಂಘದ ಒಪ್ಪಿಗೆಯೂ ಬೇಕಾಗಬಹುದು, ಆರ್ಡರ್ ಕೊಡುವ ಮೊದಲೇ ಕೇಳಿಕೊಳ್ಳಬೇಕು. ಬಾಳಿಕೆಯನ್ನು ನಿರ್ಧರಿಸುವ ಸಂಗತಿಗಳು ಪುಸ್ತಕದ ಕೊನೆಯ ಪುಟದ ಕೋಷ್ಟಕದಲ್ಲಿರುತ್ತವೆ. ಉಕ್ಕಿನ ಹಾಳೆಯ ದಪ್ಪವನ್ನು ಗೇಜ್ ಲೆಕ್ಕದಲ್ಲಿ ಹೇಳುತ್ತಾರೆ. ಸಂಖ್ಯೆ ಹೆಚ್ಚಿದಷ್ಟೂ ಹಾಳೆ ತೆಳು. 27 ಅಥವಾ 28 ಗೇಜಿನ ಬಾಗಿಲಿಗೆ ಮಕ್ಕಳ ಬ್ಯಾಸ್ಕೆಟ್‌ಬಾಲ್ ಬಡಿದರೂ ತಗ್ಗು ಬೀಳಬಹುದು, 24 ಗೇಜಿನದು ಅದಕ್ಕಿಂತ ಗಟ್ಟಿ. ಒಂದೇ ಹಾಳೆಯ ಬಾಗಿಲು ಅಗ್ಗ, ಆದರೆ ಸದ್ದು ಹೆಚ್ಚು, ಚಳಿಗೆ ತಡೆಯೇ ಇಲ್ಲ. ಎರಡು ಹಾಳೆಗಳ ನಡುವೆ ಥರ್ಮೋಕೋಲ್ ಹಲಗೆ ಇಟ್ಟದ್ದು ನಡುಮಟ್ಟದ್ದು. ಎರಡು ಹಾಳೆಗಳ ನಡುವೆ ಪಾಲಿಯುರಿಥೇನ್ ಫೋಮನ್ನು ತುಂಬಿ ಉಬ್ಬಿಸಿ ಅಂಟಿಸಿದ್ದು ಎಲ್ಲಕ್ಕಿಂತ ಬಿಗಿ; ಫೋಮು ಎರಡೂ ಹಾಳೆಗಳನ್ನು ಹಿಡಿದುಕೊಳ್ಳುವುದರಿಂದ ಬಾಗಿಲು ಅದುರುವುದಿಲ್ಲ, ಸದ್ದೂ ಕಡಿಮೆ. ನಾವು ಆರಿಸಿದ್ದು ಈ ಕೊನೆಯ ಬಗೆಯನ್ನು, ಏಕೆಂದರೆ ಗ್ಯಾರೇಜಿನ ಮೇಲೆಯೇ ಒಂದು ಮಲಗುವ ಕೋಣೆಯಿದೆ.

ಚಳಿ ತಡೆಯುವ ಶಕ್ತಿಯನ್ನು ಆರ್-ವ್ಯಾಲ್ಯೂ ಎಂಬ ಸಂಖ್ಯೆಯಲ್ಲಿ ಹೇಳುತ್ತಾರೆ, ಮತ್ತು ಮಾರಾಟಗಾರರು ಅತಿ ಹೆಚ್ಚು ಒತ್ತಿ ಹೇಳುವುದೂ ಇದನ್ನೇ. ಆ ಸಂಖ್ಯೆಯನ್ನು ಸಾಮಾನ್ಯವಾಗಿ ಪ್ಯಾನೆಲ್ಲಿನ ನಡುಭಾಗಕ್ಕೆ ಲೆಕ್ಕ ಹಾಕಿರುತ್ತಾರೆ. ಪ್ಯಾನೆಲ್ಲುಗಳು ಕೂಡುವ ಸಂದು, ಕಿಟಕಿಯ ಗಾಜು, ಎರಡು ಬದಿ ಮತ್ತು ತಳದಿಂದ ನುಸುಳುವ ಗಾಳಿ ಇವು ಆ ಲೆಕ್ಕಕ್ಕೆ ಸೇರಿರುವುದಿಲ್ಲ. ಆದ್ದರಿಂದ 12ರ ಬಾಗಿಲಿಗೂ 18ರ ಬಾಗಿಲಿಗೂ ಬೆಲೆಯಲ್ಲಿ ಕಾಣುವಷ್ಟು ವ್ಯತ್ಯಾಸ ಕೈಕಾಲಿಗೆ ತಟ್ಟುವ ಚಳಿಯಲ್ಲಿ ಕಾಣದೆ ಹೋಗಬಹುದು. ತಳದ ರಬ್ಬರು ನೆಲಕ್ಕೆ ಸರಿಯಾಗಿ ಕೂತಿದೆಯೇ, ಚೌಕಟ್ಟಿನ ಸುತ್ತಲ ಪಟ್ಟಿ ಬಾಗಿಲಿಗೆ ಒತ್ತಿಕೊಂಡಿದೆಯೇ ಎಂಬುದು ಅಷ್ಟೇ ಮುಖ್ಯ. ನಮ್ಮ ಗ್ಯಾರೇಜಿಗೆ ಬಿಸಿಗಾಳಿಯ ವ್ಯವಸ್ಥೆಯಿಲ್ಲ, ಹೊಸ ಬಾಗಿಲು ಬಂದ ಮಾತ್ರಕ್ಕೆ ಅದು ಬೆಚ್ಚಗಾಗಿಲ್ಲ. ಆದರೆ ಮೇಲಿನ ಕೋಣೆಯ ನೆಲ ಮೊದಲಿನಷ್ಟು ತಣ್ಣಗಿರುವುದಿಲ್ಲ, ಮತ್ತು ನಸುಕಿನಲ್ಲಿ ಯಾರಾದರೂ ಕೆಲಸಕ್ಕೆ ಹೊರಟರೆ ಮೇಲೆ ಮಲಗಿದ ಮಗುವಿಗೆ ಎಚ್ಚರವಾಗುವುದಿಲ್ಲ. ನನಗೆ ಅಷ್ಟೇ ಬೇಕಾಗಿತ್ತು.

ಫ್ಲಾರಿಡಾದಲ್ಲಿರುವವರು ಈ ಪಟ್ಟಿಗೆ ಗಾಳಿಯ ಒತ್ತಡವನ್ನು ಮೊದಲ ಸಾಲಿನಲ್ಲೇ ಸೇರಿಸಬೇಕು. 1992ರ ಆಗಸ್ಟಿನಲ್ಲಿ ಆಂಡ್ರೂ ಚಂಡಮಾರುತ ದಕ್ಷಿಣ ಫ್ಲಾರಿಡಾಕ್ಕೆ ಬಡಿದಾಗ ಗ್ಯಾರೇಜ್ ಬಾಗಿಲು ಒಳಕ್ಕೆ ಕುಸಿದು, ಆ ತೆರಪಿನಿಂದ ನುಗ್ಗಿದ ಗಾಳಿ ಸೂರನ್ನೇ ಎತ್ತಿ ಎಸೆದ ಮನೆಗಳಿದ್ದವು. ಆಮೇಲೆ ಅಲ್ಲಿನ ಕಟ್ಟಡ ನಿಯಮಗಳು ಬಿಗಿಯಾದವು; ಮಯಾಮಿ-ಡೇಡ್ ಕೌಂಟಿಯಲ್ಲಿ ಪರೀಕ್ಷೆಗೊಳಗಾಗಿ ಒಪ್ಪಿಗೆ ಪಡೆದ ಬಾಗಿಲನ್ನೇ ಹಾಕಿಸಬೇಕು. ಷಿಕಾಗೊ ಇರುವ ನಮ್ಮ ಇಲಿನಾಯ್ ರಾಜ್ಯದ ಅಂಗಡಿಯ ಬಾಗಿಲು ಅಲ್ಲಿಗೆ ಸಲ್ಲುವುದಿಲ್ಲ.

ಆರ್ಡರ್ ಕೊಟ್ಟ ಮೇಲೆ ಬಾಗಿಲು ಬರುವುದು ಹೇಳಿದ್ದಕ್ಕಿಂತ ತಡವಾಯಿತು, ಮತ್ತು ತಡವಾಗುತ್ತದೆಂದು ಅಂಗಡಿಯವರು ತಾವಾಗಿ ತಿಳಿಸಲಿಲ್ಲ. ನಾವೇ ಫೋನ್ ಮಾಡಿ ಕೇಳಬೇಕಾಯಿತು. ಅಷ್ಟು ದಿನವೂ ಕಾರು ಹಿಮದಲ್ಲಿ ಹೊರಗೆ ನಿಂತಿತ್ತು. ಇದು ಸಣ್ಣ ಅಂಗಡಿಗಳ ದೊಡ್ಡ ಕೊರತೆ, ಅವರಿಗೆ ನಾನು ಅಂಕ ಕಡಿಮೆ ಕೊಡುವುದು ಇಲ್ಲಿಯೇ.

ಹಾಕುವ ದಿನದ ಕೆಲಸ ಮಾತ್ರ ಅಚ್ಚುಕಟ್ಟಾಗಿತ್ತು. ಹಳೆಯ ಬಾಗಿಲನ್ನು ಪ್ಯಾನೆಲ್ಲು ಪ್ಯಾನೆಲ್ಲಾಗಿ ಬಿಚ್ಚಿ ತಾವೇ ಸಾಗಿಸಿದರು. ಹಳೆಯ ಹಳಿಗಳನ್ನು ಉಳಿಸಿಕೊಳ್ಳದೆ ಹೊಸ ಹಳಿ, ಹೊಸ ದಂಡ, ಹೊಸ ತಂತಿಹಗ್ಗ ಹಾಕಿದರು. ಬೆಲೆಪಟ್ಟಿಯಲ್ಲಿ ಇವು ಸೇರಿವೆಯೇ ಎಂದು ಮೊದಲೇ ನೋಡಿಕೊಳ್ಳಬೇಕು, ಏಕೆಂದರೆ ಹಳೆಯ ಹಳಿಗೆ ಹೊಸ ಬಾಗಿಲು ತೂರಿಸಿ ಬೆಲೆ ತಗ್ಗಿಸುವವರೂ ಇದ್ದಾರೆ. 21 ಅಂಗುಲದ ನಾಲ್ಕು ಪ್ಯಾನೆಲ್ಲುಗಳನ್ನು ಒಂದರ ಮೇಲೊಂದು ಕೂರಿಸಿ, ಪ್ರತಿಯೊಂದಕ್ಕೂ ರಸಮಟ್ಟ ಇಟ್ಟು ನೋಡಿದರು. ಕಬ್ಬಿಣದ ರೋಲರಿನ ಬದಲು ಬೇರಿಂಗ್ ಇರುವ ನೈಲಾನ್ ರೋಲರುಗಳನ್ನು ಹಾಕಿಸಿದ್ದಕ್ಕೆ ಸ್ವಲ್ಪ ಹೆಚ್ಚು ಹಣ ಕೊಟ್ಟೆವು. ಸದ್ದು ತಗ್ಗಿಸಲು ಕೊಟ್ಟ ಹಣದಲ್ಲಿ ಇದರಷ್ಟು ಸಾರ್ಥಕವಾದದ್ದು ಬೇರೆ ಇಲ್ಲ. ಸ್ಪ್ರಿಂಗ್‌ಗಳು 25,000 ಸಲದ ಬಾಳಿಕೆಯವು. ಹೆಚ್ಚು ಉದ್ದದ, ದಪ್ಪ ತಂತಿಯ ಸುರುಳಿ ಅದೇ ಭಾರವನ್ನು ಕಡಿಮೆ ದಣಿವಿನಲ್ಲಿ ಹೊರುವುದರಿಂದ ಆಯುಸ್ಸು ಹೆಚ್ಚುತ್ತದೆ, ಬೆಲೆಯ ಅಂತರವೂ ದೊಡ್ಡದಲ್ಲ. ಹೊಸ ಬಾಗಿಲು ಹಾಕಿಸುವವರೆಲ್ಲ ಇದನ್ನು ಕೇಳಿ ಪಡೆಯಬೇಕು. ಸುರುಳಿಯ ಮೇಲೆ ಮೊದಲು ಸೀಮೆಸುಣ್ಣದಲ್ಲಿ ಉದ್ದಕ್ಕೆ ನೇರ ಗೆರೆ ಎಳೆದು, ಸುತ್ತುತ್ತ ಹೋದಂತೆ ಆ ಗೆರೆ ಎಷ್ಟು ಸಲ ಸುತ್ತಿಕೊಂಡಿದೆಯೆಂದು ಎಣಿಸಿ ನೋಡುತ್ತಿದ್ದರು. 7 ಅಡಿ ಎತ್ತರದ ಬಾಗಿಲಿಗೆ ಸುಮಾರು ಏಳೂವರೆ ಸುತ್ತು.

ಓಪನರನ್ನು ಜೋಡಿಸುವ ಮೊದಲು ಬಾಗಿಲನ್ನು ಕೈಯಿಂದ ಎತ್ತಿ ಮೊಣಕಾಲಿನ ಮಟ್ಟದಲ್ಲಿ, ಸೊಂಟದ ಮಟ್ಟದಲ್ಲಿ, ತಲೆಯ ಮಟ್ಟದಲ್ಲಿ ಬಿಟ್ಟು ತೋರಿಸಿದರು. ಮೂರೂ ಕಡೆ ಬಾಗಿಲು ಬಿಟ್ಟಲ್ಲೇ ನಿಂತಿತು. ಅದಾದ ಮೇಲೆಯೇ ಏಣಿ ಹತ್ತಿ ಮೋಟಾರಿನ ಕೆಲಸ ಶುರು ಮಾಡಿದರು. ಯಾರಿಂದ ಬಾಗಿಲು ಹಾಕಿಸಿದರೂ ಕೆಲಸ ಮುಗಿಯುವ ಮೊದಲು ಈ ಪರೀಕ್ಷೆಯನ್ನು ಎದುರಿಗೇ ಮಾಡಿ ತೋರಿಸುವಂತೆ ಕೇಳಬೇಕು. ಕೈಬಿಟ್ಟ ಕೂಡಲೇ ಬಾಗಿಲು ದಡಬಡನೆ ಇಳಿದರೆ ಅಥವಾ ತಾನಾಗಿ ಮೇಲಕ್ಕೆ ಓಡಿದರೆ ಸ್ಪ್ರಿಂಗ್ ಲೆಕ್ಕ ತಪ್ಪಿದೆಯೆಂದೇ ಅರ್ಥ, ಆ ತಪ್ಪನ್ನು ಎಷ್ಟು ದುಬಾರಿಯ ಮೋಟಾರೂ ಸರಿಮಾಡುವುದಿಲ್ಲ, ಸ್ವಲ್ಪ ಕಾಲ ಮುಚ್ಚಿಡುತ್ತದೆ ಮಾತ್ರ.

ಇನ್ನು ಓಪನರ್. ಚೈನಿನದು ಅಗ್ಗ, ಗಟ್ಟಿ, ಸದ್ದು ಹೆಚ್ಚು. ಮನೆಯಿಂದ ದೂರವಿರುವ ಬೇರೆ ಗ್ಯಾರೇಜಿಗೆ ಅದೇ ಸಾಕು. ಬೆಲ್ಟಿನದು ಒಳಗೆ ಎಳೆ ಹೆಣೆದ ರಬ್ಬರ್ ಪಟ್ಟಿಯಿಂದ ಎಳೆಯುವುದರಿಂದ ಮೆತ್ತಗೆ ಓಡುತ್ತದೆ. ಚಾವಣಿಯ ಬದಲು ಬಾಗಿಲಿನ ಪಕ್ಕದ ಗೋಡೆಗೆ ಕೂತು ಸ್ಪ್ರಿಂಗ್‌ನ ದಂಡವನ್ನೇ ನೇರವಾಗಿ ತಿರುಗಿಸುವ ಬಗೆಯೂ ಇದೆ. ಚಾವಣಿ ಪೂರ್ತಿ ತೆರವಾಗುತ್ತದೆ, ಸದ್ದು ಬಹಳ ಕಡಿಮೆ, ಬೆಲೆ ಹೆಚ್ಚು, ಟಾರ್ಷನ್ ಸ್ಪ್ರಿಂಗ್ ಇರುವ ಬಾಗಿಲಿಗೆ ಮಾತ್ರ ಒಗ್ಗುತ್ತದೆ. ನಾವು ಬ್ಯಾಟರಿ ಜೊತೆಗಿರುವ ಬೆಲ್ಟಿನದನ್ನು ಆರಿಸಿದೆವು. ಅಂಗಡಿಯಲ್ಲಿ ಕಾಣುವ ಹಲವು ಹೆಸರುಗಳ ಹಿಂದಿರುವ ತಯಾರಕರು ಕೆಲವೇ ಮಂದಿ. ನಮ್ಮ ಮನೆಗೆ ಹತ್ತಿರದ ಓಕ್ ಬ್ರೂಕ್‌ನಲ್ಲಿ ಮುಖ್ಯ ಕಚೇರಿಯಿರುವ ಚೇಂಬರ್ಲೇನ್ ಸಂಸ್ಥೆಯೇ ಲಿಫ್ಟ್‌ಮಾಸ್ಟರ್ ಹೆಸರಿನದನ್ನೂ ತಯಾರಿಸುತ್ತದೆ. ಮೊದಲನೆಯ ಹೆಸರಿನದು ಅಂಗಡಿಯಲ್ಲಿ ಕೊಂಡು ನಾವೇ ಜೋಡಿಸಿಕೊಳ್ಳುವವರಿಗೆ, ಎರಡನೆಯದು ಹೆಚ್ಚಾಗಿ ಕೆಲಸಗಾರರ ಮೂಲಕ ಬರುತ್ತದೆ. ಜೀನಿ ಇನ್ನೊಂದು ಹಳೆಯ ಹೆಸರು, ಅದು ಓವರ್‌ಹೆಡ್ ಡೋರ್ ಸಂಸ್ಥೆಯ ಕೈಯಲ್ಲಿದೆ. ಮೇಲಕ್ಕೇರುವ ಬಾಗಿಲನ್ನು 1921ರಲ್ಲಿಯೂ ವಿದ್ಯುತ್ ಓಪನರನ್ನು 1926ರಲ್ಲಿಯೂ ರೂಪಿಸಿದ ಸಿ. ಜಿ. ಜಾನ್ಸನ್ ಕಟ್ಟಿದ ಸಂಸ್ಥೆ ಅದು. ಬಾಗಿಲಿನ ತೂಕ ಸರಿದೂಗಿದ್ದರೆ ಈ ಯಾವ ತಯಾರಕರದ್ದಾದರೂ ಚೆನ್ನಾಗಿ ಬಾಳುತ್ತದೆ, ಕುದುರೆಬಲದ ಸಂಖ್ಯೆಗೆ ಮರುಳಾಗಬೇಕಿಲ್ಲ.

ಬ್ಯಾಟರಿಯ ವಿಷಯದಲ್ಲಿ ಮಾತ್ರ ನಾನು ರಾಜಿ ಮಾಡಿಕೊಳ್ಳಬಾರದೆನ್ನುತ್ತೇನೆ. 2017ರ ಅಕ್ಟೋಬರಿನಲ್ಲಿ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಕಾಡ್ಗಿಚ್ಚು ಹಬ್ಬಿ ವಿದ್ಯುತ್ ಕಡಿತಗೊಂಡಾಗ ಗ್ಯಾರೇಜ್ ಬಾಗಿಲು ತೆರೆಯಲಾಗದೆ ಸಿಕ್ಕಿಬಿದ್ದು ಜೀವ ಕಳೆದುಕೊಂಡ ಹಿರಿಯರಿದ್ದರು. ಅದರ ಫಲವಾಗಿ ಆ ರಾಜ್ಯದಲ್ಲಿ 2019ರ ಜುಲೈ 1ರಿಂದ ಮನೆಗಳಿಗೆ ಬ್ಯಾಟರಿಯಿಲ್ಲದ ಓಪನರನ್ನು ಮಾರುವುದೂ ಜೋಡಿಸುವುದೂ ನಿಷಿದ್ಧವಾಯಿತು. ಇಲಿನಾಯ್‌ನಲ್ಲಿ ಅಂಥ ಕಡ್ಡಾಯ ನಮ್ಮ ಮೇಲಿರಲಿಲ್ಲವಾದರೂ ಹಾಕಿಸಿದೆವು. ಅದರ ಜೊತೆಗೆ, ಊರಿನಿಂದ ಅಪ್ಪ ಅಮ್ಮ ಬಂದಾಗ ಕೆಂಪು ಹಗ್ಗವನ್ನು ಎಳೆದು ಬಾಗಿಲನ್ನು ಕೈಯಿಂದ ಎತ್ತುವುದನ್ನು ಅವರ ಕೈಯಿಂದಲೇ ಮಾಡಿಸಿದೆವು. ಅಮ್ಮ ಒಬ್ಬರೇ ಎತ್ತಿದರು. ಹಳೆಯ ಬಾಗಿಲಾಗಿದ್ದರೆ ಅದು ಆಗುತ್ತಲೇ ಇರಲಿಲ್ಲ.

ಮಕ್ಕಳಿರುವ ಮನೆಯವರು ಗಮನಿಸಬೇಕಾದ ಇನ್ನೊಂದು ಸಂಗತಿ, ಬಾಗಿಲಿನ ಎರಡೂ ಬದಿಯಲ್ಲಿ ನೆಲದಿಂದ ಆರು ಅಂಗುಲ ಮೀರದ ಎತ್ತರದಲ್ಲಿ ಇರಬೇಕಾದ ಸಂವೇದಕ ಕಣ್ಣುಗಳು. ಇಳಿಯುವ ಬಾಗಿಲಿನಡಿ ಮಕ್ಕಳು ಸಿಲುಕಿ ಸತ್ತ ಘಟನೆಗಳ ನಂತರ 1990ರಲ್ಲಿ ಅಮೆರಿಕದ ಸಂಸತ್ತು ಕಾಯಿದೆ ಮಾಡಿ, 1993ರ ಜನವರಿ 1ರಿಂದ ತಯಾರಾಗುವ ಮನೆಬಳಕೆಯ ಓಪನರುಗಳಿಗೆಲ್ಲ ಇಂಥ ಹೆಚ್ಚುವರಿ ರಕ್ಷಣೆಯನ್ನು ಕಡ್ಡಾಯಗೊಳಿಸಿತು. ಹಳೆಯ ಮನೆಗಳಲ್ಲಿ ಕೆಲವರು ಈ ಕಣ್ಣುಗಳು ಪದೇ ಪದೇ ಅಡ್ಡಿಪಡಿಸುತ್ತವೆಂದು ಎರಡನ್ನೂ ಬಿಚ್ಚಿ ಚಾವಣಿಯಲ್ಲಿ ಎದುರುಬದುರು ಕಟ್ಟಿಬಿಟ್ಟಿರುತ್ತಾರೆ. ಕೊಂಡ ಮನೆಯಲ್ಲಿ ಹಾಗಿದ್ದರೆ ಅಂದೇ ಸರಿಪಡಿಸಬೇಕು. ಕಣ್ಣುಗಳಲ್ಲದೆ ಬಾಗಿಲು ಏನನ್ನಾದರೂ ತಾಕಿದ ಕೂಡಲೇ ಹಿಂದಕ್ಕೆ ಏರಬೇಕು. ಒಂದೂವರೆ ಅಂಗುಲ ದಪ್ಪದ ಮರದ ತುಂಡನ್ನು ನೆಲದ ಮೇಲೆ ಚಪ್ಪಟೆಯಾಗಿಟ್ಟು ಬಾಗಿಲನ್ನು ಮುಚ್ಚಿ ಇದನ್ನು ತಿಂಗಳಿಗೊಮ್ಮೆ ನೋಡಬಹುದು. ನಮ್ಮ ಅಂಗಡಿಯವರು ಇದನ್ನು ಮಾಡಿ ತೋರಿಸಿದರು. ಆದರೆ ಕಣ್ಣುಗಳ ತಂತಿಯನ್ನು ಗೋಡೆಗೆ ಬಿಗಿಯದೆ ಜೋತುಬಿಟ್ಟು ಹೋಗಿದ್ದರು, ಹೊರಗಿನ ಚೌಕಟ್ಟಿನ ಸಂದನ್ನೂ ಮುಚ್ಚಿರಲಿಲ್ಲ. ಕರೆದ ಮೇಲೆ ಬಂದು ಎರಡನ್ನೂ ಸರಿಮಾಡಿದರು, ಹಣ ಕೇಳಲಿಲ್ಲ.

ಮೊಬೈಲ್ ಆ್ಯಪ್ ನೋಡಿ ಓಪನರ್ ಆರಿಸುವುದು ಬೇಡ. ಚೇಂಬರ್ಲೇನ್ ಸಂಸ್ಥೆ 2023ರಲ್ಲಿ, ಫೋನಿನಿಂದ ಬಾಗಿಲನ್ನು ತೆರೆದು ಮುಚ್ಚುವ ತನ್ನ ಮೈಕ್ಯೂ ಸೇವೆಗೆ ಹೊರಗಿನ, ಅನುಮತಿಯಿಲ್ಲದ ತಂತ್ರಾಂಶಗಳು ಸೇರಿಕೊಳ್ಳುವುದನ್ನು ತಡೆದಾಗ, ಮನೆಯ ಇತರ ಉಪಕರಣಗಳೊಡನೆ ಬಾಗಿಲನ್ನೂ ಹೊಂದಿಸಿಕೊಂಡಿದ್ದ ಬಹಳಷ್ಟು ಜನರ ವ್ಯವಸ್ಥೆ ನಿಂತುಹೋಯಿತು. ಹೋಮ್ ಅಸಿಸ್ಟೆಂಟ್ ಎಂಬ ಜನಪ್ರಿಯ ತಂತ್ರಾಂಶ ಆ ಜೋಡಣೆಯನ್ನೇ ಕೈಬಿಟ್ಟಿತು. ಕೊಂಡ ಯಂತ್ರದ ಒಂದು ಗುಣ ಕಂಪನಿಯ ಸರ್ವರಿನ ಮರ್ಜಿಯಲ್ಲಿರುವಾಗ ಅದಕ್ಕೆಂದು ಹೆಚ್ಚು ಬೆಲೆ ಕೊಡುವುದು ನನಗೆ ಸರಿಕಾಣುವುದಿಲ್ಲ. ಬಾಗಿಲು ಮುಚ್ಚಿದೆಯೇ ಎಂದು ಕಚೇರಿಯಿಂದ ನೋಡಿಕೊಳ್ಳಲು ಆ್ಯಪ್ ನಮಗೆ ಉಪಯುಕ್ತವಾಗಿದೆ, ಅದಕ್ಕಿಂತ ಹೆಚ್ಚಿಗೆ ನಾವು ಅದನ್ನು ನಂಬಿಲ್ಲ. ರಿಮೋಟಿನ ವ್ಯಾಪ್ತಿ ಇದ್ದಕ್ಕಿದ್ದಂತೆ ಕಡಿಮೆಯಾದರೆ ಯಂತ್ರವನ್ನು ದೂರುವ ಮೊದಲು ಅದಕ್ಕೆ ಸಿಕ್ಕಿಸಿರುವ ಎಲ್‌ಇಡಿ ಬಲ್ಬನ್ನು ತೆಗೆದು ನೋಡಿ. ಕಳಪೆ ಬಲ್ಬುಗಳು ಹೊರಡಿಸುವ ರೇಡಿಯೊ ಗದ್ದಲವೇ ಎಷ್ಟೋ ಸಲ ಕಾರಣವಾಗಿರುತ್ತದೆ.

ಬಾಗಿಲು, ಹಳಿ, ಸ್ಪ್ರಿಂಗ್, ಕೂಲಿ ಸೇರಿ ಮೂರು ಸಾವಿರ ಡಾಲರಿನ ಆಸುಪಾಸು, ಓಪನರಿಗೆ ಅದರ ಮೇಲೆ ಇನ್ನೂ ಆರುನೂರು ಡಾಲರಿನಷ್ಟು ಖರ್ಚಾಯಿತು. ಮನೆ ಮಾರುವಾಗ ಕೊಟ್ಟ ಹಣ ಮರಳುವ ಕೆಲಸಗಳ ಸಾಲಿನಲ್ಲಿ ಗ್ಯಾರೇಜ್ ಬಾಗಿಲಿನ ಬದಲಾವಣೆಯನ್ನು ಇಲ್ಲಿನ ರಿಮಾಡೆಲಿಂಗ್ ಪತ್ರಿಕೆಯ 2024ರ ವಾರ್ಷಿಕ ವರದಿ ಮೊದಲ ಸ್ಥಾನದಲ್ಲಿಟ್ಟಿತ್ತು, ಮಾರಾಟಗಾರರೂ ಅದನ್ನು ಮುಂದೆ ಹಿಡಿಯುತ್ತಾರೆ. ಹಾಗೆಂದು ಗಟ್ಟಿಮುಟ್ಟಾದ ಬಾಗಿಲನ್ನು ಕಿತ್ತುಹಾಕಬೇಕಿಲ್ಲ. ಪ್ಯಾನೆಲ್ಲುಗಳು ನೆಟ್ಟಗಿದ್ದು, ತುಕ್ಕು ಹಿಡಿಯದೆ, ಸ್ಪ್ರಿಂಗ್ ಮಾತ್ರ ಮುರಿದಿದ್ದರೆ ಎರಡೂ ಸ್ಪ್ರಿಂಗ್‌ಗಳನ್ನು ಒಟ್ಟಿಗೆ ಬದಲಿಸಿ ಸುಮ್ಮನಾಗುವುದು ಒಳ್ಳೆಯದು. ಎರಡೂ ಒಂದೇ ವಯಸ್ಸಿನವಾದ್ದರಿಂದ ಒಂದನ್ನೇ ಬದಲಿಸಿದರೆ ಕೆಲವು ತಿಂಗಳಲ್ಲಿ ಮತ್ತೊಮ್ಮೆ ಕೂಲಿ ಕೊಡಬೇಕಾಗುತ್ತದೆ.

ಆಮೇಲಿನ ಆರೈಕೆ ಅಷ್ಟೇನೂ ಇಲ್ಲ. ವರ್ಷಕ್ಕೆರಡು ಸಲ ಸ್ಪ್ರಿಂಗ್, ತಿರುಗಣಿ, ಬೇರಿಂಗುಗಳಿಗೆ ಸಿಲಿಕೋನ್ ಅಥವಾ ಲಿಥಿಯಂ ಗ್ರೀಸಿನ ಸ್ಪ್ರೇ ಹೊಡೆಯಬೇಕು. ತುಕ್ಕು ಬಿಡಿಸಲು ಬಳಸುವ ಡಬ್ಲ್ಯುಡಿ-40ರ ಸಾಮಾನ್ಯ ಡಬ್ಬಿ ಇದಕ್ಕೆ ತಕ್ಕದ್ದಲ್ಲ, ಅದು ಬೇಗ ಆರಿಹೋಗುತ್ತದೆ. ಹಳಿಗೆ ಎಣ್ಣೆ ಹಚ್ಚಬಾರದು, ಧೂಳು ಹಿಡಿಯುತ್ತದೆ. ಬಟ್ಟೆಯಿಂದ ಒರೆಸಿದರೆ ಸಾಕು. ಹಿಮಗಾಲದಲ್ಲಿ ತಳದ ರಬ್ಬರು ನೆಲಕ್ಕೆ ಹೆಪ್ಪುಗಟ್ಟಿಕೊಂಡ ಬೆಳಗ್ಗೆ ಗುಂಡಿಯನ್ನು ಮತ್ತೆ ಮತ್ತೆ ಒತ್ತದೆ ಮೊದಲು ಐಸನ್ನು ಬಿಡಿಸಬೇಕು. ಹೊಸ ಸ್ಪ್ರಿಂಗ್‌ನ ಅಳತೆ, ಬಾಗಿಲಿನ ತೂಕ, ಹಾಕಿದ ತಿಂಗಳು ಇವನ್ನು ಅಂಗಡಿಯವರು ಬಾಗಿಲಿನ ಒಳಮೈಗೆ ಚೀಟಿ ಬರೆದು ಅಂಟಿಸಿ ಹೋಗಿದ್ದಾರೆ. ಮುಂದೆ ಯಾರೇ ದುರಸ್ತಿಗೆ ಬಂದರೂ, ಈ ಮನೆಯಲ್ಲಿ ಯಾರೇ ಇದ್ದರೂ, ಸರಿಯಾದ ಸ್ಪ್ರಿಂಗ್ ಯಾವುದೆಂದು ಆ ಚೀಟಿ ನೋಡಿದರೆ ತಿಳಿಯುತ್ತದೆ. ನಿಮ್ಮ ಬಾಗಿಲಿಗೂ ಅಂಥದ್ದೊಂದನ್ನು ಬರೆಸಿ ಅಂಟಿಸಿಕೊಳ್ಳಿ.